ಕೆನ್ನೆಯ ಸಂದಿಯಲ್ಲಿ ಉಳಿದ ತುತ್ತು

ಪಾರ್ಶ್ವವಾಯು ಆದವರಿಗೆ ಉಣ್ಣಿಸುವಾಗ ನಮ್ಮ ಕಣ್ಣೆಲ್ಲ ಗಂಟಲ ಮೇಲೆ. ನನ್ನ ಕೇಳಿದರೆ, ಮೊದಲು ಬಾಯೊಳಗೆ ನೋಡಿ. ನಮ್ಮ ಯಜಮಾನರಿಗೆ ಬಲಗಡೆ ಸ್ವಾಧೀನ ತಪ್ಪಿದಾಗ ದವಡೆ ಆಡುತ್ತಲೇ ಇತ್ತು. ಅಗಿಯುತ್ತಿದ್ದಾರಲ್ಲ ಅಂತ ನಾನು ತುತ್ತಿನ ಮೇಲೆ ತುತ್ತು ಕೊಡುತ್ತಿದ್ದೆ. ಊಟವಾಗಿ ಎಷ್ಟೋ ಹೊತ್ತಿನ ಮೇಲೆ ಬಾಯಿ ತೊಳೆಸಲು ಹೋದರೆ ಬಲಗೆನ್ನೆಯ ಸಂದಿಯಲ್ಲಿ ನೆಲ್ಲಿಕಾಯಿ ಗಾತ್ರದ ಬ್ರೆಡ್ಡಿನ ಮುದ್ದೆ! ಅದು ಅಲ್ಲಿದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಮಲಗಿದಾಗ ಜಾರಿ ಶ್ವಾಸನಾಳಕ್ಕೆ ಇಳಿದಿದ್ದರೆ? ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಅಗಿಯುವುದು ಬರೀ ಹಲ್ಲಿನ ಕೆಲಸವಲ್ಲ. ನಾಲಿಗೆ ತುತ್ತನ್ನು ಹಲ್ಲಿನಡಿಗೆ ತಳ್ಳುತ್ತಿರಬೇಕು, ಕೆನ್ನೆ ಅದನ್ನು ಹೊರಗೆ ಜಾರದಂತೆ ತಡೆಯಬೇಕು, ಜೊಲ್ಲು ಬೆರೆತು ಉಂಡೆ ಕಟ್ಟಬೇಕು. ಅರ್ಧ ಮುಖ ಸೋತಾಗ ಇದೆಲ್ಲ ಕೈಕೊಡುತ್ತದೆ. ಹಾಗಾಗಿ ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ, ಶಕ್ತಿಯಿರುವ ಕಡೆಗೇ ತುತ್ತಿಡಿ. ಬಾಯಿ ಖಾಲಿಯಾಯಿತೆಂದು ಟಾರ್ಚ್ ಹಾಕಿ ನೋಡಿದ ಮೇಲೆಯೇ ಇನ್ನೊಂದು. ಉಳಿದಿದ್ದರೆ ನಾಲಿಗೆಯಿಂದ ಕೆನ್ನೆ ಸವರಲು ಹೇಳಿ. ನಿಮ್ಮ ಬೆರಳು ಹಾಕಬೇಡಿ, ಗೊತ್ತಿಲ್ಲದೆ ಕಚ್ಚಿಬಿಡುತ್ತಾರೆ.

ಆಹಾರ ಎಷ್ಟು ಮೆತ್ತಗಿರಬೇಕೆಂದು ನುಂಗುವಿಕೆ ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್ ಹೇಳಬೇಕು, ನಾವು ಅಂದಾಜು ಮಾಡಬಾರದು. ಮೆತ್ತಗಿನ ತುಂಡು ಕೊಡಬಹುದೆಂದು ಅವರು ಒಪ್ಪಿದ್ದರೆ, ದೊಡ್ಡವರಿಗೆ ತುಂಡು 1.5 ಸೆಂಟಿಮೀಟರ್ ಮೀರದಿರಲಿ. ಫೋರ್ಕಿನ ಮೇಲೆ ಹೆಬ್ಬೆರಳಿಟ್ಟು ಉಗುರು ಬೆಳ್ಳಗಾಗುವಷ್ಟು ಒತ್ತಿ. ತುಂಡು ಚಪ್ಪಟೆಯಾಗಿ, ಫೋರ್ಕ್ ತೆಗೆದ ಮೇಲೂ ಹಾಗೇ ಉಳಿದರೆ ಸರಿ. ಸಣ್ಣಗೆ ಕೊಚ್ಚಿ ಕೊಡಲು ಹೇಳಿದ್ದರೆ 4 ಮಿಲಿಮೀಟರ್, ಅಂದರೆ ಫೋರ್ಕಿನ ಹಲ್ಲುಗಳ ನಡುವಿನ ಸಂದಿಯಷ್ಟು. ತೆಳು ಸಾರಿನಲ್ಲಿ ತುಂಡು ತೇಲುವಂಥದ್ದು ಬೇಡ. ತುಂಡು ಅಗಿಯುವಷ್ಟರಲ್ಲಿ ನೀರು ಗಂಟಲಿಗೆ ಓಡಿಬಿಡುತ್ತದೆ.

ಅಗಿದು ಅಗಿದು ಅವರು ಸುಸ್ತಾಗುತ್ತಾರೆ. ಒಂದೇ ಸಲ ತಟ್ಟೆ ಖಾಲಿ ಮಾಡಿಸುವ ಹಟ ಬೇಡ, ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಿ. ಟಿವಿ ಆರಿಸಿ, ಮಾತಾಡಿಸಬೇಡಿ. ತೂಕ ಇಳಿದರೆ ಕಟ್ಟಿಸಿದ ಹಲ್ಲು ಸಡಿಲವಾಗುತ್ತದೆ, ಅದನ್ನೂ ದಂತವೈದ್ಯರಿಗೆ ತೋರಿಸಿ.

ಊಟದ ನಂತರ ಅರ್ಧ ಗಂಟೆ ಕೂತೇ ಇರಲಿ. ಮೆತ್ತನೆ ಬ್ರಷ್‌ನಿಂದ ಹಲ್ಲು, ನಾಲಿಗೆ, ಕೆನ್ನೆಯ ಒಳಗು ಶುಚಿ ಮಾಡಿ, ಬಾಯಿಯ ಕೊಳೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗಬಹುದು. ಕೆಮ್ಮಲಿಲ್ಲ ಅಂತ ನೆಮ್ಮದಿಯಾಗಿರಬೇಡಿ, ಕೆಲವರಿಗೆ ಕೆಮ್ಮೇ ಬರುವುದಿಲ್ಲ. ಊಟವಾದ ಮೇಲೆ ದನಿ ಗೊಳಗೊಳ ಎಂದರೆ ಅಥವಾ ಜ್ವರ ಬಂದರೆ, ಅವತ್ತೇ ಡಾಕ್ಟರಿಗೆ ತಿಳಿಸಿ.