ಎಸಿಎಲ್‌ಎಸ್ ಪ್ರಮಾಣಪತ್ರಕ್ಕೆ ನಾನು ಸಿದ್ಧಳಾದ ಬಗೆ

ತೀವ್ರ ನಿಗಾ ಘಟಕದಲ್ಲಿ ಶುಶ್ರೂಷಕಿಯಾಗಿರುವ ನಾನು ಎಸಿಎಲ್‌ಎಸ್ (ಹೃದಯ ನಿಂತಾಗ ಜೀವ ಉಳಿಸುವ ಉನ್ನತ ಮಟ್ಟದ ಚಿಕಿತ್ಸೆ) ತರಬೇತಿಗೆ ಸೇರುವ ಮೊದಲು ಓದಲು ಆರಂಭಿಸಿದ್ದು ಔಷಧಗಳನ್ನಲ್ಲ, ಇಸಿಜಿಯನ್ನು. ನಾಡಿಯಿಲ್ಲದ ರೋಗಿಯ ಮಾನಿಟರಿನಲ್ಲಿ ಕಾಣುವ ಹೃದಯದ ಲಯಕ್ಕೆ ವಿದ್ಯುತ್ ಶಾಕ್ ಕೊಡಬೇಕೇ ಬೇಡವೇ ಎಂಬುದು ನೋಡಿದ ಕೂಡಲೇ ಹೊಳೆಯದಿದ್ದರೆ ಮುಂದಿನದೆಲ್ಲ ತಡವಾಗುತ್ತದೆ. ವೆಂಟ್ರಿಕ್ಯುಲರ್ ಫಿಬ್ರಿಲೇಷನ್ (ಹೃದಯದ ಕೆಳಕೋಣೆಗಳು ಕ್ರಮತಪ್ಪಿ ಅದುರುವುದು) ಅಥವಾ ನಾಡಿಯಿಲ್ಲದ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ (ಅವು ಅತಿವೇಗವಾಗಿ ಬಡಿಯುವುದು) ಇದ್ದರೆ ಶಾಕ್ ಕೊಡಬೇಕು; ಅಸಿಸ್ಟೊಲಿ (ಹೃದಯದ ವಿದ್ಯುತ್ ಚಟುವಟಿಕೆಯೇ ಇಲ್ಲದಿರುವುದು) ಅಥವಾ ಪಿಇಎ (ವಿದ್ಯುತ್ ಚಟುವಟಿಕೆ ಕಂಡರೂ ನಾಡಿಯಿಲ್ಲದಿರುವುದು) ಇದ್ದರೆ ಶಾಕಿನಿಂದ ಪ್ರಯೋಜನವಿಲ್ಲ, ಎದೆಯೊತ್ತುವಿಕೆಯ ಜೊತೆಗೆ ಅಡ್ರಿನಲಿನ್ ಆದಷ್ಟು ಬೇಗ ಹೋಗಬೇಕು.

ಔಷಧದ ಪ್ರಮಾಣಗಳು ಅಷ್ಟೇನೂ ಹೆಚ್ಚಿಲ್ಲ. ಅಡ್ರಿನಲಿನ್ 3ರಿಂದ 5 ನಿಮಿಷಕ್ಕೊಮ್ಮೆ 1 ಮಿಲಿಗ್ರಾಂ. ಶಾಕಿಗೆ ಜಗ್ಗದ ಲಯಕ್ಕೆ, ಲಯ ಸರಿಪಡಿಸುವ ಔಷಧವಾದ ಅಮಿಯೊಡರೋನ್ ಮೊದಲು 300, ಅಗತ್ಯವಿದ್ದರೆ ಮತ್ತೆ 150 ಮಿಲಿಗ್ರಾಂ. ಇವನ್ನು ಬರೆದು ಕಲಿಯುವುದಕ್ಕಿಂತ ಬಾಯಿಬಿಟ್ಟು ಹೇಳಿ ಕಲಿಯುವುದು ಮೇಲು ಎಂಬುದು ನನ್ನ ಅನುಭವ. ಸಹೋದ್ಯೋಗಿಯೊಬ್ಬರನ್ನು ಎದುರಿಗೆ ಕೂರಿಸಿಕೊಂಡು, ಮೊಬೈಲಿನಲ್ಲಿ 2 ನಿಮಿಷದ ಟೈಮರ್ ಇಟ್ಟು, ಎದೆಯೊತ್ತುವಿಕೆಯ ಪ್ರತಿ ಸುತ್ತಿನಲ್ಲೂ ಏನು ಮಾಡಿಸುತ್ತೇನೆಂಬುದನ್ನು ಆದೇಶದ ರೂಪದಲ್ಲೇ ಹೇಳುತ್ತಿದ್ದೆ.

ಇದರ ಫಲ ಮೆಗಾಕೋಡ್ ಪರೀಕ್ಷೆಯಲ್ಲಿ, ಅಂದರೆ ಹೃದಯ ನಿಂತ ಪ್ರಸಂಗವನ್ನು ತಂಡವಾಗಿ ಅಣಕಿನಲ್ಲಿ ನಿಭಾಯಿಸುವ ಪರೀಕ್ಷೆಯಲ್ಲಿ, ಕಂಡಿತು. ತಂಡದ ನಾಯಕಿಯಾದವಳು ರೋಗಿಯ ಬದಲಿಗಿಟ್ಟ ಗೊಂಬೆಯಾದ ಮ್ಯಾನಿಕಿನ್‌ಗೆ ಕೈ ಹಚ್ಚದೆ ಎಲ್ಲರೂ ಕಾಣುವಂತೆ ನಿಂತು ನಡೆಸಬೇಕು. "ಸಿಸ್ಟರ್, ಅಡ್ರಿನಲಿನ್ 1 ಮಿಲಿಗ್ರಾಂ ಐವಿ ಕೊಡಿ" ಎಂದರೆ, ಅವರು ಅದನ್ನೇ ಮರಳಿ ಹೇಳಿ, ಕೊಟ್ಟ ಮೇಲೆ "ಅಡ್ರಿನಲಿನ್ 1 ಮಿಲಿಗ್ರಾಂ ಹೋಯಿತು" ಎನ್ನಬೇಕು. ಸಮಯ ಬರೆದುಕೊಳ್ಳುವವರು ಅದನ್ನು ದಾಖಲಿಸಬೇಕು. ಗದ್ದಲದ ನಡುವೆ ಒಂದು ಡೋಸ್ ತಪ್ಪಿಹೋಗುವುದನ್ನೂ ಎರಡು ಸಲ ಹೋಗುವುದನ್ನೂ ತಡೆಯುವುದು ಈ ಮರುನುಡಿಯೇ.

ನಾನು ಅತಿ ಹೆಚ್ಚು ಗಮನ ಕೊಟ್ಟದ್ದು ಎದೆಯೊತ್ತುವಿಕೆ ನಿಲ್ಲುವ ಕ್ಷಣಗಳಿಗೆ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120, ಆಳ ವಯಸ್ಕರಲ್ಲಿ ಕನಿಷ್ಠ 5 ಸೆಂಟಿಮೀಟರ್ ಎಂಬುದು ಎಲ್ಲರಿಗೂ ಗೊತ್ತು. ಆದರೆ ಲಯ ನೋಡುವ ನೆಪದಲ್ಲಿ ಕೈಗಳು 10 ಸೆಕೆಂಡಿಗಿಂತ ಹೆಚ್ಚು ಸುಮ್ಮನಿದ್ದರೆ ಹೃದಯಕ್ಕೂ ಮಿದುಳಿಗೂ ಹೋಗುತ್ತಿದ್ದ ಅಲ್ಪ ರಕ್ತವೂ ನಿಂತುಹೋಗುತ್ತದೆ. ಆದ್ದರಿಂದ 2 ನಿಮಿಷ ಮುಗಿಯುವ ತುಸು ಮುಂಚೆಯೇ ಶಾಕ್ ಕೊಡುವ ಯಂತ್ರವಾದ ಡಿಫಿಬ್ರಿಲೇಟರ್ ಚಾರ್ಜ್ ಮಾಡಿಸಿ, ಮುಂದೆ ಒತ್ತಬೇಕಾದವರನ್ನು ಪಕ್ಕದಲ್ಲೇ ನಿಲ್ಲಿಸಿ, ಶಾಕ್ ಬಿದ್ದೊಡನೆ ನಾಡಿ ಹುಡುಕುತ್ತ ಕೂರದೆ ಒತ್ತಲು ಹೇಳುವುದನ್ನು ರೂಢಿಸಿಕೊಂಡೆ.

ಪಿಇಎ ಪ್ರಕರಣದಲ್ಲಿ ಕಾರಣ ಹುಡುಕುವುದೇ ಚಿಕಿತ್ಸೆಯ ಮುಖ್ಯ ಭಾಗ. ರಕ್ತಸ್ರಾವ, ಆಮ್ಲಜನಕದ ಕೊರತೆ, ಪೊಟ್ಯಾಸಿಯಂ ಏರುಪೇರು, ಟೆನ್ಷನ್ ನ್ಯೂಮೋಥೊರಾಕ್ಸ್ (ಎದೆಗೂಡಿನಲ್ಲಿ ಗಾಳಿ ಸಿಕ್ಕಿಕೊಂಡು ಒತ್ತುವುದು), ಟ್ಯಾಂಪೊನೇಡ್ (ಹೃದಯದ ಸುತ್ತ ದ್ರವ ತುಂಬಿ ಒತ್ತುವುದು) ಇವನ್ನು ತಂಡಕ್ಕೆ ಕೇಳಿಸುವಂತೆ ಒಂದೊಂದಾಗಿ ಹೇಳುತ್ತ ಹೋದರೆ, ನಾವು ಗಮನಿಸದ್ದನ್ನು ಬೇರೊಬ್ಬರು ಎತ್ತಿ ಹೇಳುತ್ತಾರೆ.

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಈ ಪ್ರಮಾಣಪತ್ರದ ಅವಧಿ 2 ವರ್ಷ. ಕೈಯ ಅಭ್ಯಾಸ ಅದಕ್ಕಿಂತ ಬಹಳ ಮೊದಲೇ ಸಡಿಲಗೊಳ್ಳುವುದರಿಂದ, ಡ್ಯೂಟಿ ಬದಲಾಗುವಾಗ ಕ್ರ್ಯಾಶ್ ಕಾರ್ಟ್ (ತುರ್ತು ಔಷಧ, ಉಪಕರಣಗಳ ಗಾಡಿ) ಪರಿಶೀಲಿಸುವ ಹೊತ್ತಿನಲ್ಲೇ ಜೊತೆಯವರೊಂದಿಗೆ ಒಂದು ಸುತ್ತನ್ನು ಆದೇಶ, ಮರುನುಡಿಗಳ ಸಮೇತ ಇಂದಿಗೂ ನಡೆಸುತ್ತೇನೆ.