ಫೋಟೊ ನೋಡಿ ನೊಣದ ಗುರುತು ಹಿಡಿಯುವುದು ಹೇಗೆ?

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆಯ ಪರದೆ ಮೇಲೆ ಬೂದು ಬಣ್ಣದ, ಬೆನ್ನಲ್ಲಿ ಕಪ್ಪು ಗೀರಿರುವ ನೊಣ ಕೂತರೆ ರೈತರ ಎದೆ ಧಸಕ್ಕೆನ್ನುತ್ತದೆ. ಊಜಿ ಇರಬಹುದಾ? ಭಯ ಸುಮ್ಮನೆ ಬಂದದ್ದಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ನಮ್ಮ ರಾಜ್ಯಕ್ಕೆ ಬಂದ ಊಜಿ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿ ಹುಳುವಿನ ಒಳಗೆ ಹೊಕ್ಕು ತಿನ್ನುತ್ತದೆ. ಕೆಲವು ಸಲ ಗೂಡನ್ನೇ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲು ಆಗುವುದಿಲ್ಲ.

ಆದರೆ ಪರದೆ ಮೇಲೆ ಕೂತದ್ದು ಬರೀ ಮನೆ ನೊಣವೂ ಆಗಿರಬಹುದು. ಒಳ್ಳೆಯ ಫೋಟೊ ಇದ್ದರೆ ಇದನ್ನು ಬಹಳ ಮಟ್ಟಿಗೆ ಬಿಡಿಸಿಕೊಳ್ಳಬಹುದು. ಬಣ್ಣವನ್ನೇ ನಂಬಬಾರದು, ಅಷ್ಟೇ.

ಮೊದಲು ಅದು ನೊಣವೇ ಹೌದಾ ನೋಡಿ. ಜೇನು, ಕಣಜಗಳಿಗೆ ನಾಲ್ಕು ರೆಕ್ಕೆ. ನೊಣಕ್ಕೆ ಎರಡೇ. ಹಿಂದಿನ ರೆಕ್ಕೆಗಳ ಜಾಗದಲ್ಲಿ ತುದಿ ದಪ್ಪಗಿರುವ ಎರಡು ಪುಟ್ಟ ಕಡ್ಡಿಗಳಿರುತ್ತವೆ. ಕೊತ್ತಂಬರಿ ಹೂವಿನ ಮೇಲೆ ನಿಂತಲ್ಲೇ ತೇಲುವ ಹಳದಿ ಪಟ್ಟೆಯ ಕೀಟವನ್ನು ಎಷ್ಟೋ ಜನ ಜೇನು ಅಂದುಕೊಳ್ಳುತ್ತಾರೆ. ಅದು ಹೂನೊಣ. ಅವುಗಳಲ್ಲಿ ಹಲವು ಜಾತಿಗಳ ಮರಿಗಳು ಬೆಳೆಯ ಹೇನು ತಿಂದು ಬದುಕುತ್ತವೆ. ದಯವಿಟ್ಟು ಅವನ್ನು ಕೊಲ್ಲಬೇಡಿ.

ಇನ್ನು ಫೋಟೊ. ಕನಿಷ್ಠ ಮೂರು ಬೇಕು: ನೇರ ಮೇಲಿನಿಂದ, ಪಕ್ಕದಿಂದ, ಮುಖದ ಎದುರಿನಿಂದ. ಎಲ್ಲರೂ ಮೇಲಿನದ್ದೊಂದನ್ನು ತೆಗೆದು ಸುಮ್ಮನಾಗುತ್ತಾರೆ. ನನ್ನ ಪ್ರಕಾರ ಪಕ್ಕದ ಫೋಟೊಗೇ ಬೆಲೆ ಜಾಸ್ತಿ, ಕಾರಣ ಮುಂದೆ ಹೇಳುತ್ತೇನೆ. ಬೆಳಗಿನ ತಂಪಿನಲ್ಲಿ ನೊಣ ಮಂಕಾಗಿರುತ್ತದೆ, ಆಗಲೇ ತೆಗೆಯಿರಿ. ನಿಮ್ಮ ನೆರಳು ಅದರ ಮೇಲೆ ಬೀಳದಂತೆ ನಿಧಾನವಾಗಿ ಹತ್ತಿರ ಹೋಗಿ. ಮೊಬೈಲ್‌ನ ಜೂಮ್ ಎಳೆಯುವುದಕ್ಕಿಂತ ಕ್ಲಿಪ್ ಹಾಕುವ ಮ್ಯಾಕ್ರೊ ಲೆನ್ಸ್ ಒಳ್ಳೆಯದು. ನೊಣ ಹಾರಿಹೋದ ಮೇಲೆ ಅದು ಕೂತಿದ್ದ ಜಾಗಕ್ಕೇ ಸ್ಕೇಲ್ ಇಟ್ಟು ಇನ್ನೊಂದು ಫೋಟೊ ತೆಗೆಯಿರಿ. ಗಾತ್ರ ಗೊತ್ತಾಗುತ್ತದೆ. ದಿನ, ಊರು, ಕೂತಿದ್ದ ಗಿಡ ಅಥವಾ ಜಾಗ ಬರೆದಿಡಿ. ಯಾರಿಗಾದರೂ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಕೂದಲು, ರೆಕ್ಕೆಯ ನರ ಎಲ್ಲ ಮಸುಕಾಗಿಬಿಡುತ್ತವೆ.

ಈಗ ಫೋಟೊ ದೊಡ್ಡದು ಮಾಡಿ ಬೆನ್ನಿನ, ಅಂದರೆ ರೆಕ್ಕೆ ಹುಟ್ಟುವ ನಡುಭಾಗದ, ಗೀರು ಎಣಿಸಿ. ಮೂರು ಕಪ್ಪು ಗೀರು, ಹೊಟ್ಟೆಯ ಮೇಲೆ ಚೌಕಳಿ ಇದ್ದರೆ ಅದು ಮಾಂಸದ ನೊಣ. ನಾಲ್ಕು ಗೀರಿದ್ದರೆ? ಮನೆ ನೊಣಕ್ಕೂ ನಾಲ್ಕು, ಊಜಿಗೂ ನಾಲ್ಕು. ಇಲ್ಲೇ ಜನ ತಪ್ಪುವುದು. ಸ್ಕೇಲ್ ಫೋಟೊ ನೋಡಿ. ಮನೆ ನೊಣ ಸುಮಾರು 6–7 ಮಿ.ಮೀ. ಉದ್ದ, ಊಜಿ 10 ಮಿ.ಮೀ. ಆಸುಪಾಸು ಅಥವಾ ಅದಕ್ಕೂ ದೊಡ್ಡದು. ಆಮೇಲೆ ಮುಖದ ಫೋಟೊ. ಮೀಸೆಯಿಂದ ಹೊರಡುವ ಎಳೆ ಮನೆ ನೊಣದಲ್ಲಿ ಹಕ್ಕಿಯ ಗರಿಯಂತಿರುತ್ತದೆ, ಊಜಿಯಲ್ಲಿ ಬೋಳು. ಕೊನೆಗೆ ಪಕ್ಕದ ಫೋಟೊ. ಬೆನ್ನಿನ ಹಿಂತುದಿಯಲ್ಲಿ ಒಂದು ತ್ರಿಕೋನ ಭಾಗವಿರುತ್ತದೆ. ಅದರ ಕೆಳಗೆ ಇನ್ನೊಂದು ಉಬ್ಬು ಎದ್ದು ಕಂಡರೆ, ಹೊಟ್ಟೆಯ ಮೇಲೆ ಒರಟು ಬಿರುಗೂದಲಿದ್ದರೆ, ಅದು ಟ್ಯಾಕಿನಿಡ್ ಕುಟುಂಬದ್ದು. ಊಜಿ ಸೇರುವುದು ಇದೇ ಕುಟುಂಬಕ್ಕೆ. ಮೇಲಿನಿಂದ ನೋಡಿದರೆ ಈ ಉಬ್ಬು ಕಾಣುವುದೇ ಇಲ್ಲ.

ಹಾಗಂತ ಉಬ್ಬು ಕಂಡದ್ದೆಲ್ಲ ಊಜಿ ಅಲ್ಲ. ಬೆಳೆ ತಿನ್ನುವ ಕಂಬಳಿಹುಳುಗಳನ್ನು ಕೊಲ್ಲುವ ಎಷ್ಟೋ ನೊಣಗಳು ಇದೇ ಕುಟುಂಬದವು, ರೈತರಿಗೆ ಬೇಕಾದವು.

ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗೆ ಫೋಟೊ ಹಾಕಿದರೆ ಹೆಸರು ಸೂಚಿಸುತ್ತದೆ. ಅದು ಊಹೆ ಮಾತ್ರ. ಆ ಜಾತಿ ಭಾರತದಲ್ಲಿ ಇದೆಯಾ ಅಂತ ನೋಡಿ, ಮೇಲಿನ ಗುರುತುಗಳ ಜೊತೆ ತಾಳೆ ಹಾಕಿ. ಕೆಲವು ನೊಣ ಸುಲಭ: ಹೀರೆ, ಹಾಗಲದ ಹಣ್ಣುನೊಣಕ್ಕೆ ಬೆನ್ನಿನ ನಡುವೆಯೂ ಹಳದಿ ಗೀರಿರುತ್ತದೆ, ಮಾವಿನ ಹಣ್ಣುನೊಣಕ್ಕೆ ಎರಡು ಪಕ್ಕದಲ್ಲಿ ಮಾತ್ರ. ಕೆಲವಕ್ಕೆ ಫೋಟೊ ಸಾಲದು. ಮಾಂಸದ ನೊಣಗಳಲ್ಲಿ ಹೆಚ್ಚಿನವುಗಳ ಜಾತಿ ಹೇಳಲು ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಅಂಥ ಕಡೆ ಕುಟುಂಬದ ಹೆಸರಿಗೇ ನಿಲ್ಲಿಸಿ. ಅದೇ ಪ್ರಾಮಾಣಿಕ ಉತ್ತರ.

ಊಜಿ ಅನುಮಾನ ಉಳಿದರೆ ತಟ್ಟೆಯಲ್ಲಿರುವ ಹುಳುಗಳನ್ನೇ ನೋಡಿ. ಮೈಮೇಲೆ ಗಸಗಸೆಗಿಂತ ಸಣ್ಣ, ಕೆನೆಬಿಳಿ ಮೊಟ್ಟೆ ಅಂಟಿದೆಯಾ? ಮರಿ ಒಳಹೊಕ್ಕ ಜಾಗದಲ್ಲಿ ಕಪ್ಪು ಮಚ್ಚೆ ಇದೆಯಾ? ಇದ್ದರೆ ಕಾಯಬೇಡಿ. ನೊಣ ಸಿಕ್ಕರೆ ಸಣ್ಣ ಬಾಟಲಿಗೆ ಹಾಕಿ ಫ್ರೀಜರ್‌ನಲ್ಲಿಡಿ. ಮಚ್ಚೆ ಬಿದ್ದ ಹುಳು ಒಂದೆರಡನ್ನು ಬೇರೆ ಡಬ್ಬಿಯಲ್ಲಿ ಮುಚ್ಚಿಡಿ. ಎರಡನ್ನೂ ಫೋಟೊಗಳ ಜೊತೆ ಹತ್ತಿರದ ರೇಷ್ಮೆ ಇಲಾಖೆ ಕಚೇರಿಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಅವತ್ತೇ ತೆಗೆದುಕೊಂಡು ಹೋಗಿ.