ಹೆಡ್ಡು ಒರೆಸೋದು ಅಂದ್ರೆ ಬಾಣಲಿ ತಿಕ್ಕೋದಲ್ಲ

ಮೊನ್ನೆ ಮೊಮ್ಮಗ ನಮ್ಮ ಯಜಮಾನರ ಸ್ಪೂಲ್ ಟೇಪ್‌ರೆಕಾರ್ಡರನ್ನ ಅಟ್ಟದಿಂದ ಇಳಿಸಿದ. ಸಂತೋಷವೇ. ಆದರೆ ಪೇಂಟಿನ ಥಿನ್ನರ್ ಬಟ್ಟೆಗೆ ಸುರ್ಕೊಂಡು ಹೆಡ್ಡು (ಟೇಪಿನ ಸದ್ದು ಓದೋ ಲೋಹದ ತುಂಡು), ರಬ್ಬರು, ಪ್ಲಾಸ್ಟಿಕ್ಕು ಎಲ್ಲಾ ಒಂದೇ ಸಮ ತಿಕ್ತಾ ಕೂತಿದ್ದನಲ್ಲ, ಕಿತ್ಕೊಂಡು ಬಿಸಾಕಿದೆ.

ಟೇಪಿನ ಮೇಲಿರೋ ಕಂದು ಬಣ್ಣ ಕಬ್ಬಿಣದ ತುಕ್ಕಿನ ಜಾತಿಯದೇ ಪುಡಿ. ಓಡ್ತಾ ಓಡ್ತಾ ಅದು ಉದುರಿ ಹೆಡ್ಡಿಗೆ ಮೆತ್ತುತ್ತೆ. ಹೆಡ್ಡಿನ ಸೀಳು ಕೂದಲೆಳೆಗಿಂತ ಸಣ್ಣದು ಕಣ್ರೋ. ಟೇಪು ಅದಕ್ಕೆ ಒತ್ಕೊಂಡು ಹೋಗದಿದ್ದರೆ ಮೊದಲು ಸಾಯೋದು ತಾಳದ ಝಣ್ ಅನ್ನೋ ಸದ್ದು. ಮಾತು ಕೇಳುತ್ತೆ, ಕಂಬಳಿ ಹೊದ್ದು ಮಾತಾಡಿದಂಗೆ.

ಪ್ಲಗ್ಗು ಕಿತ್ತಿಡಿ. ಊದುಬತ್ತಿ ಉರಿದು ಉಳಿದ ಬಿದಿರುಕಡ್ಡಿ ತಗೊಳ್ಳಿ, ತುದಿ ಚೂಪಿರಬಾರದು. ಹತ್ತಿ ಬೇಡ, ಎಳೆ ಬಿಡುತ್ತೆ. ಒಗೆದೂ ಒಗೆದೂ ಮೆತ್ತಗಾದ ಪಂಚೆ ಚೂರು ಸುತ್ತಿ, ಐಸೋಪ್ರೊಪೈಲ್ ಆಲ್ಕೋಹಾಲ್ ಅನ್ನೋ ಸ್ಪಿರಿಟ್ಟಲ್ಲಿ ಅದ್ದಿ ಹಿಂಡಿ. ತೊಟ್ಟಿಕ್ಕಬಾರದು, ಬೆರಳಿಗೆ ತಂಪು ತಾಗಬೇಕು ಅಷ್ಟೆ. ಟೇಪು ಓಡೋ ದಾರೀಲೇ, ಮಗುವಿನ ಕಿವಿ ಒರೆಸಿದಂಗೆ ಒರೆಸಿ. ಬಟ್ಟೆ ಕಂದಾಯ್ತಾ? ಬದಲಾಯಿಸಿ. ಅದೇ ಕೊಳೆ ತುದೀಲಿ ಮತ್ತೆ ಒರೆಸೋ ಸೋಮಾರಿತನ ನನಗಾಗಲ್ಲ. ಬಟ್ಟೆ ಬೆಳ್ಳಗೆ ಬರೋವರೆಗೂ ಬಿಡಬೇಡಿ. ಪಕ್ಕದ ಉಕ್ಕಿನ ಕಡ್ಡಿ ಇದೆಯಲ್ಲ, ಕ್ಯಾಪ್‌ಸ್ಟನ್, ಟೇಪನ್ನ ಒಂದೇ ವೇಗದಲ್ಲಿ ಎಳೆಯೋದು ಅದೇ. ಅದಕ್ಕೂ ಇದೇ ಉಪಚಾರ. ಅದಕ್ಕೆ ಒತ್ತೋ ರಬ್ಬರ್ ಉರುಳೆಗೆ ಮಾತ್ರ ಒದ್ದೆ ಬಟ್ಟೆ ಸಾಕು. ಸ್ಪಿರಿಟ್ಟು ಸೋಕಿಸ್ತಾ ಇದ್ರೆ ರಬ್ಬರು ಒಣಗಿ ಬಿರಿಯುತ್ತೆ. ಕುಕ್ಕರ್ ಗ್ಯಾಸ್ಕೆಟ್ಟನ್ನ ಒಲೆ ಪಕ್ಕ ಒಣಗಿಸೋ ಸೊಸೆಗೂ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಆಫ್ ಮಾಡೋ ಮುಂಚೆ ಸ್ಟಾಪ್ ಒತ್ತಿ. ಉರುಳೆ ಒತ್ಕೊಂಡೇ ವರ್ಷಗಟ್ಟಲೆ ಇದ್ರೆ ತಗ್ಗು ಬಿದ್ದು ಹಾಡು ಅಲುಗಾಡುತ್ತೆ.

ಈ ಟೇಪ್‌ರೆಕಾರ್ಡರನ್ನ ಯಜಮಾನರು ಕೊಂಡಿದ್ದು ಕೆಜಿಎಫ್ ಬಿಟ್ಟು ಹೊರಟ ಒಬ್ಬ ಗಣಿ ನೌಕರರ ಹತ್ರ. ಕೋಲಾರಕ್ಕೆ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ತಂದ್ರು. ರಾಮನವಮಿ ಹರಿಕಥೆಗೆ ಹೊತ್ಕೊಂಡು ಹೋಗೋರು. 1200 ಅಡಿ ಟೇಪು, ಸೆಕೆಂಡಿಗೆ ಏಳೂವರೆ ಇಂಚು ಓಡಿದ್ರೆ ಅರ್ಧ ಗಂಟೆ ಚಿಲ್ಲರೆ. ಹನುಮಂತ ಸಮುದ್ರ ಹಾರೋ ಹೊತ್ತಿಗೆ ಸರಿಯಾಗಿ ಮುಗಿಯೋದು!

ಕೇಳಿದ ಮೇಲೆ ಸರ್ರನೆ ಹಿಂದಕ್ಕೆ ಸುತ್ತಿ ಇಡ್ತೀರಲ್ಲ, ಅದೂ ತಪ್ಪು. ಮುಗಿದಂಗೇ, ಬಾಲ, ಅಂದ್ರೆ ಟೇಪಿನ ಕೊನೆ, ಹೊರಗಿಟ್ಟು ಎತ್ತಿಡಿ. ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಅಂಟುತ್ತೆ. ಹಿಂದಕ್ಕೆ ಸುತ್ತಿಟ್ಟರೆ ದಾಸರು ಬಾಯಿ ತೆರೆಯೋ ಮುಂಚೇನೇ ಅವರ ದನಿ ಸಣ್ಣಗೆ ಬರುತ್ತೆ. ಬಾಲ ಹೊರಗಿದ್ರೆ ಆ ಪಿಸುದನಿ ಮಾತಿನ ಹಿಂದೆ ಬಿದ್ದು ಅದರಲ್ಲೇ ಮುಚ್ಚಿಹೋಗುತ್ತೆ. ಕೇಳೋ ದಿನ ಸುತ್ಕೊಳ್ಳಿ, ಅವಸರ ಏನು?